ಇನ್ನು ಮುಂದೆ ಸೀಲ್ ಒಡೆಯದ ಬಾಕ್ಸ್ ಮಾರುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ಯುಗಾದಿಯಿಂದ ನಮ್ಮ ಬಳ್ಳಾರಿ ಅಂಗಡಿಯಲ್ಲಿ ಯಾವ ಡೈ-ಕಾಸ್ಟ್ ವಿಮಾನವನ್ನೂ (ಲೋಹ ಕರಗಿಸಿ ಅಚ್ಚಿನಲ್ಲಿ ಮಾಡಿದ ಪುಟ್ಟ ಮಾಡೆಲ್) ಸೀಲ್ ಮಾಡಿದ ಬಾಕ್ಸಿನಲ್ಲಿ ಮಾರುವುದಿಲ್ಲ. ಪ್ರತಿ ಬಾಕ್ಸನ್ನೂ ನಾವೇ ಬಿಚ್ಚುತ್ತೇವೆ. ಮಾಡೆಲ್ ಹೊರಗೆ ತೆಗೆದು ನೋಡಿ, ಫೋಟೊ ಹೊಡೆದು, ಅದು ಹೇಗಿದೆಯೋ ಹಾಗೇ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಅಂಗಡಿಗೆ ಬಂದು ಕೊಳ್ಳುವವರಿಗೂ ಇದೇ ಪದ್ಧತಿ. ಹೊಸಪೇಟೆ, ಗಂಗಾವತಿ, ಸಿಂಧನೂರು, ರಾಯಚೂರಿಗೆ ಕೊರಿಯರ್‌ನಲ್ಲಿ ತರಿಸಿಕೊಳ್ಳುವವರಿಗೂ ಇದೇ.

ಕೆಲವರಿಗೆ ಇದರಿಂದ ಬೇಸರವಾಗಬಹುದು. ಸೀಲ್ ಇದ್ದರೇ ಬೆಲೆ ಅನ್ನುವ ಮಾತು ಸಂಗ್ರಹ ಮಾಡುವವರಲ್ಲಿ ಬಹಳ ಹಳೆಯದು. ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಕಾರಣ ಲೋಹದ್ದು. ಡೈ-ಕಾಸ್ಟ್ ಮಾಡೆಲ್ಲಿಗೆ ಬಳಸುವುದು ಸತುವಿನ ಮಿಶ್ರಲೋಹ. ಸತುವಿಗೆ ಸುಮಾರು 4% ಅಲ್ಯೂಮಿನಿಯಂ, ಒಂಚೂರು ತಾಮ್ರ, ಮೆಗ್ನೀಸಿಯಂ ಸೇರಿಸಿ ಕರಗಿಸುತ್ತಾರೆ. ಆಮೇಲೆ ಅದನ್ನು ಒತ್ತಡದಲ್ಲಿ ಅಚ್ಚಿಗೆ ತುಂಬುತ್ತಾರೆ. ಕರಗಿಸುವಾಗ ಸೀಸದಂಥ ಕಲಬೆರಕೆ ಸೇರಿತೋ, ಲೋಹ ಒಳಗಿನಿಂದ ಹಾಳಾಗುತ್ತಾ ಹೋಗುತ್ತದೆ. ಜಿಂಕ್ ಪೆಸ್ಟ್ ಅಂತ ನಾವೆಲ್ಲ ಹೇಳುವುದು ಇದನ್ನೇ. ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಒಳಗೆ ಲೋಹ ಉಬ್ಬುತ್ತಿರುತ್ತದೆ. ಕೂದಲೆಳೆಯಂಥ ಬಿರುಕು, ಬಣ್ಣದಲ್ಲಿ ಸಣ್ಣ ಗುಳ್ಳೆ, ಕೊನೆಗೆ ಬೆರಳಿಗೆ ಪುಡಿ. ಸೆಕೆ ಮತ್ತು ತೇವ ಸೇರಿದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಇದಕ್ಕೆ ಮದ್ದಿಲ್ಲ. ಒಂದು ಮಾಡೆಲ್ಲಿನಿಂದ ಪಕ್ಕದ್ದಕ್ಕೆ ಅಂಟುವ ರೋಗವಲ್ಲ ಅನ್ನುವುದೊಂದೇ ಸಮಾಧಾನ.

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಗ್ರಾಹಕರೊಬ್ಬರು ತಮ್ಮ 1:200 ಅಳತೆಯ, ಅಂದರೆ ಅಸಲಿಯ ಇನ್ನೂರನೇ ಒಂದು ಪಾಲಿನ, ಕಾನ್‌ಸ್ಟಲೇಷನ್ ಎಂಬ ಹಳೆಯ ಪ್ರಯಾಣಿಕ ವಿಮಾನದ ಮಾಡೆಲ್ ತಂದಿದ್ದರು. ಬೇರೆ ಊರಲ್ಲಿ ಕೊಂಡು, ವರ್ಷಗಟ್ಟಲೆ ಸೀಲ್ ಒಡೆಯದೆ ಬೀರುವಿನಲ್ಲಿಟ್ಟಿದ್ದರಂತೆ. ಮಾರಬೇಕೆಂದು ಬಂದವರು ನಮ್ಮ ಕೌಂಟರ್ ಮೇಲೇ ಬಿಚ್ಚಿಸಿದರು. ಎಡ ರೆಕ್ಕೆಯ ಬುಡ ಉಬ್ಬಿ, ವಿಮಾನದ ಮೈಯಲ್ಲಿ ಅದು ಕೂರುವ ಸಂದಿಯನ್ನೇ ಸೀಳಿತ್ತು. ಒಳಗಿನ ಫೋಮ್ ಹಳತಾಗಿ ಅಂಟಂಟಾಗಿ ಹೊಟ್ಟೆಯ ಭಾಗಕ್ಕೆ ಹತ್ತಿಕೊಂಡಿತ್ತು. ಎಬ್ಬಿಸಿದರೆ ಬೆಳ್ಳಿ ಬಣ್ಣವೂ ಕಿತ್ತು ಬಂತು. ರಬ್ಬರಿನಂತೆ ಕಾಣುವ ಮೆತ್ತನೆಯ ಚಕ್ರಗಳು ಪ್ಲಾಸ್ಟಿಕ್ ತಟ್ಟೆಗೆ ಒತ್ತಿಕೊಂಡು ಕರಗಿದ್ದವು. ಆ ಚಕ್ರ ಮೆತ್ತಗಿರಲಿ ಎಂದು ಸೇರಿಸಿರುವ ಎಣ್ಣೆಯಂಥ ಅಂಶ ನಿಧಾನಕ್ಕೆ ಹೊರಗೆ ಬಂದು, ತಾಗಿದ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ತಿನ್ನುತ್ತದೆ. ಸೀಲ್ ಮಾತ್ರ ಹೊಸದರಂತೆಯೇ ಇತ್ತು. ಅವತ್ತೇ ನಾವು ಈ ತೀರ್ಮಾನಕ್ಕೆ ಬಂದದ್ದು.

ನಮ್ಮೂರಿನ ಬಿಸಿಲು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮುಚ್ಚಿದ ವ್ಯಾನಿನೊಳಗೆ ಇನ್ನೂ ಜಾಸ್ತಿ. ಅಂಟು ಸಡಿಲವಾಗಿ ಆಂಟೆನಾ ಉದುರಿದ್ದು, ಪ್ರೊಪೆಲ್ಲರ್ ಎಲೆ ಬಾಗಿದ್ದು ಬಾಕ್ಸ್ ಬಿಚ್ಚುವ ತನಕ ಯಾರಿಗೂ ತಿಳಿಯುವುದಿಲ್ಲ. ಸೀರೆಯನ್ನಾದರೂ ಮಡಿಕೆ ಬಿಚ್ಚಿ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ ಅಲ್ವಾ?

ಬಿಚ್ಚಿದ ಮೇಲೆ ಏನು ನೋಡುತ್ತೇವೆ ಅಂತ ಕೇಳಬಹುದು. ನಮ್ಮಲ್ಲಿ ಅತಿ ಹೆಚ್ಚು ಹೋಗುವ ಡಕೋಟಾವನ್ನೇ ತೆಗೆದುಕೊಳ್ಳಿ. 1935ರ ಡಿಸೆಂಬರ್ 17ರಂದು ಮೊದಲ ಬಾರಿ ಹಾರಿದ ಡಿಸಿ-3 ಎಂಬ ಪ್ರಯಾಣಿಕ ವಿಮಾನದ ಮಿಲಿಟರಿ ರೂಪ ಅದು. ನಿಜವಾದ ವಿಮಾನದ ರೆಕ್ಕೆಯ ಅಗಲ ಸುಮಾರು 29 ಮೀಟರ್. 1:72ರಲ್ಲಿ ಅದು 40 ಸೆಂಟಿಮೀಟರ್, 1:200ರಲ್ಲಿ ಹದಿನಾಲ್ಕೂವರೆ. ನೆಲದ ಮೇಲಿದ್ದಾಗ ಅದು ಬಾಲ ಇಳಿಸಿ, ಮೂತಿ ಎತ್ತಿ ಕೂರಬೇಕು. ಗಾಜಿನ ಮೇಲಿಟ್ಟರೆ ಮುಂದಿನ ಎರಡು ಚಕ್ರ, ಹಿಂದಿನ ಪುಟ್ಟ ಚಕ್ರ ಮೂರೂ ತಾಗಬೇಕು. ಒಂದು ತೇಲುತ್ತಿದ್ದರೂ ಚೀಟಿಯಲ್ಲಿ ಬರೆಯುತ್ತೇವೆ. 1:72ರಲ್ಲಾದರೆ ಟಾರ್ಚ್ ಹಿಡಿದು ಎಂಜಿನ್ನಿನ ಮೂತಿಯೊಳಗೂ ನೋಡುತ್ತೇವೆ. ಅಸಲಿ ಟ್ವಿನ್ ವಾಸ್ಪ್ ಎಂಜಿನ್ನಿಗೆ ಏಳೇಳರ ಎರಡು ಸಾಲಿನಲ್ಲಿ 14 ಸಿಲಿಂಡರ್. ಒಳ್ಳೆಯ ಮಾಡೆಲ್ಲಿನಲ್ಲಿ ಹಿಂದಿನ ಸಾಲೂ ಇಣುಕುತ್ತದೆ. ಅದನ್ನು ಕಂಡರೆ ನಮಗೆ ಈಗಲೂ ಖುಷಿ.

ವಿಪಿ905 ಸಂಖ್ಯೆಯ ಡಕೋಟಾ ಕೇಳುವವರು ಜಾಸ್ತಿಯಾಗಿದ್ದಾರೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಕರೆದೊಯ್ದ ವಿಮಾನದ ಸಂಖ್ಯೆ ಅದು. 2018ರಲ್ಲಿ ವಾಯುಪಡೆಗೆ ಬಂದ ‘ಪರಶುರಾಮ’ ಎಂಬ ಹಳೆಯ ಡಕೋಟಾಗೂ ಅದೇ ಸಂಖ್ಯೆ ಕೊಟ್ಟಿದ್ದಾರೆ. ಇಂಥ ಮಾಡೆಲ್ಲಿನಲ್ಲಿ ಎರಡೂ ಬದಿಯ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ ನೋಡುತ್ತೇವೆ. ಸಂಖ್ಯೆ ಸೊಟ್ಟಗಿದ್ದರೆ ಆ ಮಾಡೆಲ್ಲಿಗೆ ಅರ್ಥವೇ ಹೋಯಿತು.

ಎಲ್ಲ ವ್ಯತ್ಯಾಸವೂ ತಪ್ಪಲ್ಲ ಅನ್ನುವುದನ್ನೂ ಹೇಳಬೇಕು. ‘ಪ್ರಯಾಣಿಕರ ಡಕೋಟಾಗೆ ಸರಕಿನ ದೊಡ್ಡ ಬಾಗಿಲು ಯಾಕೆ ಕೊಟ್ಟಿದ್ದಾರೆ, ವಾಪಸ್ ತಗೊಳ್ಳಿ’ ಎಂದು ಕೆಲವರು ಕೇಳುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ, ಸರಕಿನ ಬಾಗಿಲಿದ್ದ ಸಿ-47 (ಡಕೋಟಾಗೆ ಅಮೆರಿಕದ ಸೇನೆಯ ಹೆಸರು) ವಿಮಾನಗಳನ್ನೇ ನಮ್ಮ ದೇಶದ ಕಂಪನಿಗಳು ಕೊಂಡು ಸೀಟು ಹಾಕಿಸಿದವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಷ್ಟೋ ವಿಮಾನಗಳಿಗೆ ಈ ಕೆಲಸ ನಡೆಯಿತು. ಹಾಗಾಗಿ ಆ ಬಾಗಿಲು ಇರುವುದೇ ಸರಿ. ರಾಯಚೂರು, ಕೊಪ್ಪಳದವರು ಡೆಕ್ಕನ್ ಏರ್‌ವೇಸ್ ಬಣ್ಣದ್ದು ಬಂತಾ ಎಂದು ವಿಚಾರಿಸುತ್ತಿರುತ್ತಾರೆ. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಡಕೋಟಾ ಹಾರಿಸುತ್ತಿದ್ದ ಕಂಪನಿ ಅದು. ಆ ಊರುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. 1953ರಲ್ಲಿ ಅದು ಇನ್ನೂ ಏಳು ಕಂಪನಿಗಳ ಜೊತೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. ನಮ್ಮ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದೂ ಅದೇ ವರ್ಷ. ಸದ್ಯಕ್ಕೆ ಆ ಬಣ್ಣದ್ದು ನಮ್ಮಲ್ಲಿಲ್ಲ. ಬಂದರೆ ಕೇಳಿದವರಿಗೇ ಮೊದಲು ಫೋನ್ ಮಾಡುತ್ತೇವೆ.

ಕಾನ್‌ಸ್ಟಲೇಷನ್ ಕೊಳ್ಳುವವರಿಗೆ ಒಂದು ಮಾತು. 1948ರ ಜೂನ್ 8ರಂದು ಬಾಂಬೆಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಇದೇ ಜಾತಿಯದು. ಪ್ರೊಪೆಲ್ಲರ್ ದೊಡ್ಡದಾದ್ದರಿಂದ ಅದಕ್ಕೆ ಮುಂದಿನ ಚಕ್ರದ ಕಾಲು ಉದ್ದ, ಸಪೂರ. ಲೋಹದ ಮಾಡೆಲ್ಲಿನ ಭಾರಕ್ಕೆ ಅದು ಬರುಬರುತ್ತಾ ಬಾಗುತ್ತದೆ. ದಯವಿಟ್ಟು ಸ್ಟ್ಯಾಂಡಿನ ಮೇಲೇ ಇಡಿ. ಬಾಲದ ಮೂರು ರೆಕ್ಕೆಗಳಲ್ಲಿ ಒಂದು ವಾಲಿದ್ದರೂ ಇನ್ನು ಮುಂದೆ ನಿಮಗೆ ಫೋಟೊದಲ್ಲೇ ಕಾಣುತ್ತದೆ.

ವ್ಯವಹಾರದ ಮಾತು ಇಷ್ಟು. ಬೆಲೆ ಏರಿಸುತ್ತಿಲ್ಲ. ಫೋಟೊ ನೋಡಿ ನೀವು ಒಪ್ಪಿದ ಮೇಲೇ ದುಡ್ಡು. ಒಪ್ಪದಿದ್ದರೆ ಅದನ್ನು ನಾವೇ ಇಟ್ಟುಕೊಳ್ಳುತ್ತೇವೆ. ಸಣ್ಣ ಕೊರತೆ ಇರುವುದನ್ನು ಕಡಿಮೆ ಬೆಲೆಗೆ ಬೇರೆ ಕಪಾಟಿನಲ್ಲಿಡುತ್ತೇವೆ. ವಿದ್ಯಾರ್ಥಿಗಳು ಮೊದಲು ಆ ಕಪಾಟು ನೋಡಲಿ. ಬಾಕ್ಸನ್ನು ಹರಿಯುವುದಿಲ್ಲ. ಟೇಪನ್ನು ಅಂಚಿನಲ್ಲಿ ಬ್ಲೇಡಿನಿಂದ ಕೊಯ್ದು, ಫೋಮ್ ತೆಗೆದು, ಮೆತ್ತನೆಯ ಕಾಗದ ಸುತ್ತಿ ಅದೇ ಬಾಕ್ಸಿನಲ್ಲಿ ಕೊಡುತ್ತೇವೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಸೀಲ್ ಇರುವುದೇ ಬೇಕಿದ್ದರೆ, ಯುಗಾದಿಯೊಳಗೆ ತಿಳಿಸಿದರೆ ಹಣ ಪೂರ್ತಿ ವಾಪಸ್ ಮಾಡುತ್ತೇವೆ. ಏಪ್ರಿಲ್, ಮೇನಲ್ಲಿ ಕೊರಿಯರ್ ಕಳಿಸುವುದಿಲ್ಲ. ಆ ಎರಡು ತಿಂಗಳು ನಿಮ್ಮ ಮಾಡೆಲ್ ಇಲ್ಲೇ ನೆರಳಲ್ಲಿರುತ್ತದೆ.

ಬಿಚ್ಚಿಟ್ಟರೆ ಧೂಳು ಕೂರುತ್ತದಲ್ಲ ಅನ್ನುವ ಚಿಂತೆ ನಿಜ. ನಮ್ಮ ಕಡೆಯ ಕೆಂಪು ಧೂಳಿನಲ್ಲಿ ಅದಿರಿನ ಪುಡಿ ಇರುತ್ತದೆ. ಬಟ್ಟೆಯಿಂದ ಒರೆಸಿದರೆ ಹೊಳಪಿನ ಮೇಲೆ ಗೀರು ಬೀಳುತ್ತದೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರಿನಿಂದ ಮೊದಲು ಗಾಳಿ ಊದಿ. ಆಮೇಲೆ ಮೇಕಪ್ ಬ್ರಷ್ಷಿನಂಥ ಮೆತ್ತನೆಯ ಬ್ರಷ್ ಆಡಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತು ಬೆಳ್ಳಿ ಬಣ್ಣದ ಮೇಲೆ ಉಳಿದುಬಿಡುತ್ತದೆ. ಗಾಜಿನ ಕಪಾಟು ನೇರ ಬಿಸಿಲಿಗೆ ಬೇಡ. ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ.

ನಿಮ್ಮ ಮನೆಯಲ್ಲಿ ಸೀಲ್ ಒಡೆಯದೆ ಇಟ್ಟಿರುವ ಮಾಡೆಲ್ ಇದ್ದರೆ, ಎಲ್ಲಿ ಕೊಂಡದ್ದಾದರೂ ಸರಿ, ಬೇಸಿಗೆ ಏರುವ ಮೊದಲು ಅಂಗಡಿಗೆ ತನ್ನಿ. ನಿಮ್ಮ ಎದುರಿಗೇ ಬಿಚ್ಚಿ ನೋಡಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಈ ಕೆಲಸಕ್ಕೆಂದೇ ಕೂತಿರುತ್ತೇವೆ.

ಇಂತಿ ನಿಮ್ಮ,
ಅಂಗಡಿಯವರು
ಬಳ್ಳಾರಿ