ಎದೆಬಿಗಿತವನ್ನು ದಣಿವೆಂದು ತಳ್ಳಿಹಾಕಬೇಡಿ

ಮಾನ್ಯ ಸಂಪಾದಕರೇ,

ಹವ್ಯಾಸಿ ಸೈಕಲ್ ಸವಾರನಾದ ನಾನು 11 ವರ್ಷಗಳಿಂದ ಭಾನುವಾರದ ಬೆಳಗಿನ ಜಾವ ಮಲ್ಲೇಶ್ವರದಿಂದ ನಂದಿಬೆಟ್ಟಕ್ಕೆ ಹೋಗಿಬರುತ್ತಿದ್ದೆ. ಈಚಿನ 2 ತಿಂಗಳಲ್ಲಿ ಬೆಟ್ಟದ ತಿರುವುಗಳಲ್ಲಿ ಎದೆ ಬಿಗಿದು ಎಡದವಡೆಯವರೆಗೂ ಹರಿಯುತ್ತಿದ್ದ ನೋವು, ಇಳಿದು ನಿಂತರೆ 5 ನಿಮಿಷದಲ್ಲಿ ಮಾಯವಾಗುತ್ತಿತ್ತು, ವಯಸ್ಸಾಯಿತೆಂದುಕೊಂಡು ಸುಮ್ಮನಾದೆ. ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಇಳಿಯುವ ಇಂಥ ನೋವು ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂಬುದರ ಸೂಚನೆ ಎಂಬುದು, ಆಂಜಿಯೋಗ್ರಾಮ್‌ನಲ್ಲಿ ಹೃದಯದ ಮೂರೂ ಮುಖ್ಯ ರಕ್ತನಾಳಗಳು ಕಟ್ಟಿಕೊಂಡಿರುವುದು ಕಂಡ ಮೇಲಷ್ಟೇ ನನಗೆ ಅರ್ಥವಾಯಿತು.

ಮುಂದಿನ ವಾರ ಬೈಪಾಸ್ ಶಸ್ತ್ರಚಿಕಿತ್ಸೆ. ಎದೆಮೂಳೆಯನ್ನು ಸೀಳಿ, ಇಷ್ಟು ವರ್ಷ ಪೆಡಲ್ ತುಳಿದ ಕಾಲಿನಿಂದಲೇ ರಕ್ತನಾಳವೊಂದನ್ನು ತೆಗೆದು ಹೃದಯಕ್ಕೆ ಜೋಡಿಸುತ್ತಾರೆ. ಮೂಳೆ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು. ಭಯವಿಲ್ಲವೆಂದರೆ ಸುಳ್ಳಾಗುತ್ತದೆ. ಹಜಾರದ ಗೋಡೆಗೆ ಒರಗಿಸಿದ ಸೈಕಲ್ಲಿನ ಟೈರಿಗೆ ಬೆಟ್ಟದ ಹಾದಿಯ ಕೆಮ್ಮಣ್ಣು ಇನ್ನೂ ಅಂಟಿಕೊಂಡಿದೆ, ಒರೆಸಲು ಮನಸ್ಸು ಬಂದಿಲ್ಲ.

ಕಬ್ಬನ್ ಉದ್ಯಾನದಲ್ಲೋ ಹೊರವರ್ತುಲ ರಸ್ತೆಯಲ್ಲೋ ಸೈಕಲ್ ತುಳಿಯುವ ಗೆಳೆಯರಲ್ಲಿ ನನ್ನ ವಿನಂತಿ: ವ್ಯಾಯಾಮ ಮಾಡುವವರಿಗೆ ಹೃದ್ರೋಗ ಬಾರದೆಂಬ ನಂಬಿಕೆಯಲ್ಲಿ ನಾನು ಕಳೆದುಕೊಂಡ ಆ 2 ತಿಂಗಳನ್ನು ನೀವು ಕಳೆದುಕೊಳ್ಳಬೇಡಿ. ಮತ್ತೊಂದು ಮಾತು. ಆರೋಗ್ಯವಂತ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ದಯವಿಟ್ಟು ಕೊಡಿ, ನನ್ನಂಥವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವುದು ಆ ರಕ್ತದ ಭರವಸೆಯಿಂದಲೇ.

– ಒಬ್ಬ ಓದುಗ, ಮಲ್ಲೇಶ್ವರ, ಬೆಂಗಳೂರು