ಕಟ್ಟಿಂಗೇರಿಯ ಗೆರೆ, ನಮ್ಮ ಮಕ್ಕಳ ಕೈ

ಚೌತಿಯ ಹಿಂದಿನ ಭಾನುವಾರ, ಊರಿನಿಂದ ದೂರದಲ್ಲಿರುವ ನಮ್ಮ ಕನ್ನಡ ಸಂಘದ ಮಕ್ಕಳು ಮಣ್ಣಿನ ಗಣಪತಿ ಮಾಡಲು ಕುಳಿತಿದ್ದಾಗ, ಅಂಗಡಿಯಿಂದ ತಂದ ಬಿಳಿಯ ಜೇಡಿಯನ್ನು ಉಂಡೆ ಕಟ್ಟುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ತಲೆಯೆತ್ತಿ, "ಅಜ್ಜನ ಮನೆಯ ಮಣ್ಣು ಕೈಗೆ ಅಂಟುತ್ತದೆ ಅಂಕಲ್, ತೊಳೆದರೂ ಉಗುರಿನೊಳಗೆ ಉಳಿಯುತ್ತದೆ, ಇದು ಅಂಟುವುದೇ ಇಲ್ಲ" ಎಂದಳು. ಹಿಂದಿನ ಮಳೆಗಾಲದಲ್ಲಿ ಅವಳು ಬಾರ್ಕೂರಿನ ಕಡೆ ಅಜ್ಜನ ಮನೆಯಲ್ಲಿದ್ದು, ಗದ್ದೆಯ ಅಂಚಿನಲ್ಲಿ ಆಡಿ ಬಂದವಳು. ಈ ಸಂಚಿಕೆಯ ಸಂಪಾದಕೀಯವನ್ನು ರಾಜ್ಯೋತ್ಸವದ ಸಿದ್ಧತೆಗೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿ ಸೂಚಿಸಿತ್ತು. ಪುಟಗಳು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಾಗಿರುವ ಈ ಹೊತ್ತಿನಲ್ಲಿ ಆ ಮಗುವಿನ ಮಾತನ್ನು ಬಿಟ್ಟು ಬೇರೆ ಯಾವುದನ್ನೂ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಆ ಮಾತು ಕೇಳಿದಂದಿನಿಂದ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವವರು ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ. ಅವರ ತಂದೆ ಚೌತಿಗೆ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದವರು. ಆದ್ದರಿಂದ ಹೆಬ್ಬಾರರ ಪಾಲಿಗೆ ಕಲೆಯ ಮೊದಲ ಪಾಠ ಯಾವ ಶಾಲೆಯಲ್ಲೂ ಆದದ್ದಲ್ಲ. ನಾದಿದ ಮಣ್ಣಿನ ಮುದ್ದೆಯೊಂದರಿಂದ ಸೊಂಡಿಲೂ ಹೊಟ್ಟೆಯೂ ಮೂಡಿಬರುವುದನ್ನು ಕಣ್ಣೆದುರಿಗೆ ಕಂಡು ಬೆಳೆದ ಮನೆಯಲ್ಲೇ ಆಯಿತು ಎಂದು ನಾನು ನಂಬುತ್ತೇನೆ. ಮುಂದೆ ಅವರು ಮುಂಬಯಿಗೆ ಹೋದರು, ಜೆ.ಜೆ. ಕಲಾಶಾಲೆಯಲ್ಲಿ ಓದಿದರು, ಅಲ್ಲಿಯೇ ಕೆಲವು ಕಾಲ ಪಾಠ ಹೇಳಿದರು, ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳು ಅವರಿಗೆ ಸಂದವು. 1996ರಲ್ಲಿ ಅವರು ತೀರಿಕೊಂಡದ್ದೂ ಮುಂಬಯಿಯಲ್ಲಿಯೇ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಎಂದರೆ ಮುಂಬಯಿಯಿಂದ ಕರಾವಳಿಯ ಉದ್ದಕ್ಕೂ ನೇರವಾಗಿ ಊರಿಗೆ ಬರುವ ರೈಲನ್ನು ಅವರು ಕಾಣಲೇ ಇಲ್ಲ. ಬದುಕಿನ ಬಹುಭಾಗವನ್ನು ಊರಿನಿಂದ ಹೊರಗೆ ಕಳೆದವರ ಹೆಸರಿನ ಮೊದಲಲ್ಲಿ ಮಾತ್ರ ಕಟ್ಟಿಂಗೇರಿ ಕೊನೆಯವರೆಗೂ ಉಳಿಯಿತು.

ಇಷ್ಟೇ ಆಗಿದ್ದರೆ ಅವರನ್ನು ಊರು ಬಿಟ್ಟು ಹೆಸರು ಮಾಡಿದ ಹಿರಿಯರ ಪಟ್ಟಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ ಅವರ ಚಿತ್ರಗಳನ್ನು ನೋಡಿದಾಗ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಪಾಶ್ಚಾತ್ಯ ಶೈಲಿಯ ಶಿಕ್ಷಣ ಪಡೆದ ಅವರು ಅದರಲ್ಲಿಯೇ ನಿಲ್ಲದೆ ಜೈನ ಹಸ್ತಪ್ರತಿಗಳ ಮತ್ತು ರಜಪೂತ ಕಿರುಚಿತ್ರಗಳ ಬಣ್ಣ ಹಾಗೂ ಗೆರೆಗಳತ್ತ ಹೊರಳಿದರು. ಮಲಬಾರಿನ ಹಳ್ಳಿಗಳಲ್ಲಿ ಅಡ್ಡಾಡಿ, ತೆಂಗಿನ ನೆರಳು, ಕೆಂಪು ಮಣ್ಣು, ಬಿಸಿಲಿಗೆ ಒಡ್ಡಿಕೊಂಡ ಮೈಬಣ್ಣ ಇವುಗಳನ್ನು ಕ್ಯಾನ್ವಾಸಿಗೆ ತಂದರು. ಮೀನುಗಾರರು, ಕೋಳಿ ಅಂಕ, ವಾದ್ಯ ನುಡಿಸುವವರು, ಕುಣಿಯುವವರು ಅವರ ಚಿತ್ರಗಳಿಗೆ ವಸ್ತುವಾದರು. ಲಯ ಎಂದರೇನೆಂದು ಮೈಯೊಳಗಿನಿಂದ ತಿಳಿಯಬೇಕೆಂಬ ಹಂಬಲದಿಂದ ಅವರು ಕಥಕ್ ನೃತ್ಯವನ್ನೂ ಕಲಿತರು. ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿ ತಾಳಕ್ಕೆ ಹೆಜ್ಜೆಯಿಟ್ಟದ್ದು ವೇದಿಕೆಗಾಗಿ ಅಲ್ಲ, ಗೆರೆಗಾಗಿ. 'ಹಾಡುವ ರೇಖೆ' ಎಂದು ಹೆಸರಾದ ಅವರ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಎಲ್ಲಿಯೂ ತಡವರಿಸದೆ ನರ್ತಕಿಯ ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಇಳಿಯುವುದನ್ನು ನೋಡಿದವರಿಗೆ ಆ ಕಲಿಕೆಯ ಬೆಲೆ ತಿಳಿಯುತ್ತದೆ. ಅವರ ತೈಲಚಿತ್ರಗಳನ್ನು ಮೆಚ್ಚುವವರು ಬಹಳ ಮಂದಿ ಇದ್ದಾರೆ. ನನಗೆ ಆ ಗೆರೆಗಳೇ ಹೆಚ್ಚು ಹತ್ತಿರ. ಅದಕ್ಕೆ ಕಾರಣ ನನ್ನ ಬಾಲ್ಯದ ಒಂದು ರಾತ್ರಿ.

ನಮ್ಮ ಮನೆ ಬ್ರಹ್ಮಾವರದಿಂದ ಒಳಕ್ಕೆ. ಸುಗ್ಗಿ ಬೆಳೆ ಕೊಯ್ದು ಗದ್ದೆಗಳು ಖಾಲಿಯಾದ ಮೇಲೆ, ನೆರೆಮನೆಯವರ ಹರಕೆಯೆಂದು ಮಂದಾರ್ತಿ ಮೇಳದ ಯಕ್ಷಗಾನದ ಆಟ ನಮ್ಮ ಬೈಲಿನಲ್ಲಿಯೇ ಆಯಿತು. ಅಮ್ಮನೂ ದೊಡ್ಡಮ್ಮನೂ ಸಂಜೆಯೇ ಚಾಪೆ ಹಾಸಿ ಜಾಗ ಹಿಡಿದಿದ್ದರು. ಕೊಯ್ದ ಭತ್ತದ ಕೂಳೆ ಚಾಪೆಯನ್ನು ಚುಚ್ಚಿ ಮೇಲೆ ಬರುತ್ತಿತ್ತಾದ್ದರಿಂದ ಮಕ್ಕಳಾದ ನಾವು ಒಂದೆಡೆ ಕೂರುವಂತಿರಲಿಲ್ಲ. ನಾನು ತಪ್ಪಿಸಿಕೊಂಡು, ವೇಷ ಕಟ್ಟುವ ಜಾಗವಾದ ಚೌಕಿಗೆ ಹೋದೆ. ಅಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ವೇಷಧಾರಿಗಳು ಸಾಲಾಗಿ ಕುಳಿತು ಬಣ್ಣ ಬರೆಯುತ್ತಿದ್ದರು. ಮೂಲೆಯಲ್ಲಿ ಬಣ್ಣದ ವೇಷದವರೊಬ್ಬರು ಎಡಗೈಯಲ್ಲಿ ಕನ್ನಡಿ ಹಿಡಿದು, ಬಲಗೈಯಲ್ಲಿ ತೆಳುವಾದ ಕಡ್ಡಿ ಹಿಡಿದು, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹದವನ್ನು ಕಡ್ಡಿಯ ತುದಿಗೆ ತೆಗೆದುಕೊಂಡು, ಕೆನ್ನೆಯ ಮೇಲೆ ಒಂದೊಂದೇ ಚಿಟ್ಟಿ, ಎಂದರೆ ಮೊನೆಯೆದ್ದ ಹಿಟ್ಟಿನ ಚುಕ್ಕೆ, ಇಡುತ್ತಿದ್ದರು. ಒಂದು ಸಾಲು ಮುಗಿದರೆ ಅದು ಒಣಗುವವರೆಗೆ ಕಾಯಬೇಕು, ಆಮೇಲೆ ಅದರ ಮೇಲೆ ಇನ್ನೊಂದು ಸಾಲು. ಹಿಟ್ಟು ನೀರಾದರೆ ಇಳಿಯುತ್ತದೆ, ಗಟ್ಟಿಯಾದರೆ ಮೊನೆ ಏಳುವುದಿಲ್ಲ. ನಾನು ನೋಡುತ್ತ ನಿಂತದ್ದನ್ನು ಕಂಡ ಅವರು ಏನೂ ಹೇಳದೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. "ಅಲ್ಲಾಡ್ಸ್‌ಬೇಡ ಮಾಣಿ" ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಆ ಮುಖದ ಮೇಲೆ ಮುಳ್ಳು ಮುಳ್ಳಾಗಿ ಚಿಟ್ಟಿಗಳು ಎದ್ದು, ಮನುಷ್ಯನ ಕೆನ್ನೆ ಇಷ್ಟಿಷ್ಟಾಗಿ ಮರೆಯಾಗಿ, ರಕ್ಕಸನೊಬ್ಬ ಅಲ್ಲಿ ಬಂದು ನಿಲ್ಲುವುದನ್ನು ನಾನು ಒಂದು ಮೊಳ ದೂರದಿಂದ ಕಂಡೆ. ತೋಳು ನೋಯುತ್ತಿತ್ತು, ಹೊರಗೆ ಪೂರ್ವರಂಗದ ಚೆಂಡೆ ಕೇಳುತ್ತಿತ್ತು. ನನಗೆ ಅಲ್ಲಿಂದ ಕದಲುವ ಮನಸ್ಸಿರಲಿಲ್ಲ.

ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಮನೆಗೆ ನಡೆಯುವಾಗ, ಆ ವೇಷಧಾರಿ ಯಾರೆಂದು ದೊಡ್ಡಪ್ಪನನ್ನು ಕೇಳಿದೆ. ಆ ವರ್ಷದ ಆಟಗಳು ಮುಗಿದು ಮೇಳ ಒಳ ಸೇರಿದ ಮೇಲೆ, ಮಳೆಗಾಲದುದ್ದಕ್ಕೂ ಅವರು ನಮ್ಮ ಪಕ್ಕದ ಊರಿನಲ್ಲಿ ಗದ್ದೆ ಬೇಸಾಯ ಮಾಡುವವರೆಂದು ದೊಡ್ಡಪ್ಪ ಹೇಳಿದರು. ಆಗ ನನಗೆ ಅದು ಬರಿಯ ಸುದ್ದಿಯಾಗಿತ್ತು. ಈಗ ಹೆಬ್ಬಾರರ ಗೆರೆಗಳನ್ನು ನೋಡುವಾಗ ಅದೇ ಮಾತು ಬೆಳಕಿನಂತೆ ಬರುತ್ತದೆ. ಕೆಸರಿನಲ್ಲಿ ಬಗ್ಗಿ ಸಾಲು ತಪ್ಪದಂತೆ ನೇಜಿ, ಎಂದರೆ ಭತ್ತದ ಸಸಿ, ನೆಡುವ ಕೈಯೇ ಕೆನ್ನೆಯ ಮೇಲೆ ಸಾಲು ತಪ್ಪದಂತೆ ಚಿಟ್ಟಿಯನ್ನೂ ಇಡುತ್ತಿತ್ತು. ಎರಡರಲ್ಲೂ ಬೇಕಾದದ್ದು ಒಂದೇ ತಾಳ್ಮೆ, ಹದದ ಒಂದೇ ತಿಳಿವಳಿಕೆ. ಕರಾವಳಿಯ ನೆಲ ತನ್ನ ಕಲಾವಿದರಿಗೆ ಮೊದಲು ಕೊಡುವುದು ಕಡಲಿನ ಸೂರ್ಯಾಸ್ತವನ್ನಲ್ಲ. ಮಣ್ಣು, ಹಿಟ್ಟು, ಸುಣ್ಣ, ನೀರು ಇವುಗಳ ಹದವನ್ನು. ಘಟ್ಟದಿಂದ ಕಡಲಿನವರೆಗೆ ಹಬ್ಬಿದ ಆ ಕಿರಿದಾದ ಪಟ್ಟಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯೇ ಯಾವಾಗ ಉಳಬೇಕು, ಯಾವಾಗ ಕುಣಿಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುವುದೂ, ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುವುದೂ ಆ ಮಳೆಯ ಲೆಕ್ಕಕ್ಕೆ ಹೊಂದಿಕೊಂಡು ಬಂದ ಪದ್ಧತಿ. ಆ ಲಯದಲ್ಲಿ ಹುಟ್ಟಿ ಬೆಳೆದವರು ಊರಿನಿಂದ ಎಷ್ಟು ದೂರ ಹೋದರೂ ಕೈ ಅದನ್ನು ಮರೆಯುವುದಿಲ್ಲ. ಹೆಬ್ಬಾರರ ಕೈ ಮರೆಯಲಿಲ್ಲ. ಅದು ಮರೆಯದಂತೆ ಅವರು ದಿನವೂ ದುಡಿದರು ಎಂಬುದನ್ನೂ ಇಲ್ಲಿ ಹೇಳಬೇಕು. ಊರಿನ ಮೇಲಿನ ಪ್ರೀತಿ ಅವರಲ್ಲಿ ಹಳಹಳಿಕೆಯಾಗಿ ನಿಲ್ಲದೆ ಅಭ್ಯಾಸವಾಯಿತು.

ನಾವು ಮಕ್ಕಳಿಗೆ ಕೊಡುತ್ತಿರುವುದು ಏನು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿರುವುದು ಇಲ್ಲಿಯೇ. ಪ್ರತಿ ಹಬ್ಬಕ್ಕೂ ನಾವು ಊರಿನ ಮಾತಾಡುತ್ತೇವೆ. ಆಟಿ ತಿಂಗಳ ಮಳೆ, ಹಲಸಿನ ಹಪ್ಪಳ, ಮಲ್ಪೆಯ ಗಾಳಿ ಎಂದು ಹಿರಿಯರು ಒಬ್ಬರಿಗೊಬ್ಬರು ಹೇಳಿಕೊಂಡು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಮಕ್ಕಳು ಪಕ್ಕದ ಕೋಣೆಯಲ್ಲಿರುತ್ತಾರೆ. ನಮ್ಮ ಹಂಬಲವನ್ನು ಕೇಳಿಸಿಕೊಂಡ ಮಾತ್ರಕ್ಕೆ ಅವರಿಗೆ ಆ ನೆಲ ದಕ್ಕುವುದಿಲ್ಲ. ಜೇಡಿ ಅಂಟುವುದಿಲ್ಲವೆಂದ ಹುಡುಗಿಗೆ ಊರು ನಮ್ಮ ಮಾತಿನಿಂದ ತಿಳಿದದ್ದಲ್ಲ, ಅವಳ ಉಗುರಿನಿಂದ ತಿಳಿದದ್ದು. ಊರಿನಲ್ಲಿಯೂ ಇದು ಸುಲಭವಾಗಿ ಉಳಿದಿಲ್ಲ. ಎಷ್ಟೋ ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದಿವೆ, ಕಡಲ್ಕೊರೆತಕ್ಕೆ ದಡದುದ್ದಕ್ಕೂ ಬಂಡೆಕಲ್ಲು ಸುರಿದಿದ್ದಾರೆ, ರಾತ್ರಿಯಿಡೀ ನಡೆಯುತ್ತಿದ್ದ ಆಟಗಳು ಅನೇಕ ಕಡೆ ನಡುರಾತ್ರಿಗೇ ಮುಗಿಯುತ್ತವೆ. ಅಲ್ಲಿಯೇ ಉಳಿದು ಬಣ್ಣ ಬರೆಯುತ್ತಿರುವವರ ಕಷ್ಟ ನಮ್ಮ ಕಷ್ಟಕ್ಕಿಂತ ದೊಡ್ಡದು. ಆದರೂ ದೂರದಲ್ಲಿರುವ ನಮ್ಮ ಪಾಲಿಗೆ ಮಾಡಬಹುದಾದ ಒಂದು ಕೆಲಸವಿದೆ: ಮಕ್ಕಳ ಕೈಗೆ ಕೆಲಸ ಕೊಡುವುದು, ಅವರ ಕಾಲಿಗೆ ತಾಳ ಕೊಡುವುದು.

ಹೆಬ್ಬಾರರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗುವವರು, ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ವಿನಂತಿ. ಚಿತ್ರದ ಮುಂದೆ ನಿಂತು ಅದರ ಅರ್ಥ ವಿವರಿಸುವ ಅಗತ್ಯವಿಲ್ಲ. ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ನಿಂತಿತು ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುವಂತೆ ಮಕ್ಕಳಿಗೆ ಹೇಳಿ, ಸಾಕು.

ಇನ್ನು ಸಂಘದ ಸುದ್ದಿಗಳನ್ನು ಉಳಿದಿರುವ ಜಾಗದಲ್ಲಿ ಹೇಳಿ ಮುಗಿಸಬೇಕಾಗಿದೆ. ರಾಜ್ಯೋತ್ಸವ ನವೆಂಬರಿನ ಎರಡನೆಯ ಶನಿವಾರ ಸಂಜೆ ನಾಲ್ಕಕ್ಕೆ, ಎಂದಿನ ಸಭಾಭವನದಲ್ಲಿ; ಊಟಕ್ಕೆ ಬರುವವರ ಸಂಖ್ಯೆಯನ್ನು ಒಂದು ವಾರ ಮೊದಲೇ ತಿಳಿಸಿ, ಏಕೆಂದರೆ ಕಳೆದ ಬಾರಿ ಅಡುಗೆಯವರು ಬಹಳ ತೊಂದರೆಪಟ್ಟರು. ಕನ್ನಡ ತರಗತಿಗಳು ಶಾಲೆಯ ರಜೆ ಮುಗಿದ ಮೊದಲ ಭಾನುವಾರದಿಂದ ಮತ್ತೆ ನಡೆಯುತ್ತವೆ. ವಾರ್ಷಿಕ ಚಂದಾ ಬಾಕಿಯಿರುವವರು ಖಜಾಂಚಿಯವರನ್ನು ಕಾಣಬೇಕು. ದೀಪಾವಳಿ ವಿಶೇಷಾಂಕಕ್ಕೆ ಬರಹಗಳು ಈ ತಿಂಗಳ ಕೊನೆಯೊಳಗೆ ಬರಲಿ. ಮಕ್ಕಳ ಚಿತ್ರಗಳಿಗೆ ಎರಡು ಪುಟಗಳನ್ನು ಮೀಸಲಿಡಲಾಗಿದೆ. ಈ ಪತ್ರಿಕೆಯ ಪುಟ ಕಟ್ಟುವ ಕೆಲಸವನ್ನು ಕೆಲವು ವರ್ಷಗಳಿಂದ ಒಬ್ಬನೇ ಮಾಡುತ್ತಿದ್ದೇನೆ. ಉದ್ಯೋಗದ ಜೊತೆಗೆ ಇದನ್ನು ಹೀಗೆಯೇ ನಡೆಸಿಕೊಂಡು ಹೋಗುವುದು ಈಗ ನಿಜಕ್ಕೂ ಕಷ್ಟವಾಗುತ್ತಿದೆ. ಕರಡು ತಿದ್ದಲು ಒಬ್ಬರು, ಪುಟ ಜೋಡಿಸಲು ಒಬ್ಬರು ಮುಂದೆ ಬಂದರೆ ಪತ್ರಿಕೆ ಉಳಿಯುತ್ತದೆ.

ಕೊನೆಯದಾಗಿ, ರಾಜ್ಯೋತ್ಸವಕ್ಕೆ ಮುಂಚಿನ ಎರಡು ಭಾನುವಾರಗಳ ಮಧ್ಯಾಹ್ನ ಮಕ್ಕಳಿಗಾಗಿ ಗೆರೆ ಮತ್ತು ತಾಳದ ಶಿಬಿರ ನಡೆಸಲು ಸಮಿತಿ ಒಪ್ಪಿದೆ. ಒಬ್ಬರು ಚೆಂಡೆಯನ್ನೋ ಮದ್ದಳೆಯನ್ನೋ ನುಡಿಸುತ್ತಿರುವಾಗ ಮಕ್ಕಳು ಮೊದಲು ಹೆಜ್ಜೆ ಹಾಕಿ, ಆಮೇಲೆ ಕುಳಿತು ಅದೇ ಲಯದಲ್ಲಿ ಕಾಗದದ ಮೇಲೆ ಗೆರೆ ಎಳೆಯುವುದು. ಇನ್ನೊಂದು ಮೇಜಿನಲ್ಲಿ ಅಕ್ಕಿಹಿಟ್ಟು ಕಲಸಿ, ಸುಣ್ಣವಿಲ್ಲದೆ, ರಟ್ಟಿನ ಮುಖವಾಡದ ಮೇಲೆ ಚಿಟ್ಟಿ ಇಡುವುದು. ಮದ್ದಳೆ ಒಂದಿದೆ, ನುಡಿಸುವವರು ಬೇಕು. ಯಕ್ಷಗಾನದ ಹೆಜ್ಜೆ ಬಲ್ಲವರು ನಮ್ಮ ನಡುವೆ ಇದ್ದಾರೆಂದು ಕೇಳಿದ್ದೇನೆ, ದಯವಿಟ್ಟು ಸಂಕೋಚ ಬಿಟ್ಟು ಹೆಸರು ಕೊಡಿ. ಹತ್ತು ಕಿಲೋ ಒಳ್ಳೆಯ ಜೇಡಿಮಣ್ಣು, ಕೈಗೆ ಅಂಟುವಂಥದ್ದು, ಈ ಊರಿನ ಸುತ್ತಮುತ್ತ ಎಲ್ಲಿ ಸಿಗುತ್ತದೆಂದು ಬಲ್ಲವರು ಇದ್ದರೆ ಈ ವಾರವೇ ತಿಳಿಸಬೇಕು.

— ಸಂಪಾದಕ