ವಿಜ್ಞಾನ ಕಾರ್ಯಾಗಾರದಲ್ಲಿ ಮಕ್ಕಳ ಕೈಗೂ ಕೆಲಸವಿರಲಿ

ಮಾನ್ಯ ಸಂಪಾದಕರೇ,

ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ವಿಜ್ಞಾನ ಕಾರ್ಯಾಗಾರಗಳ ಸುದ್ದಿಯ ಜೊತೆ ಪ್ರಕಟವಾಗುವ ಚಿತ್ರಗಳನ್ನು ಗಮನಿಸಿದರೆ, ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ಬಿಳಿ ಕೋಟು ತೊಟ್ಟ ಸಂಪನ್ಮೂಲ ವ್ಯಕ್ತಿಯೊಬ್ಬರು ವೇದಿಕೆಯ ಮೇಲೆ ಗಾಜಿನ ಪಾತ್ರೆಯಿಂದ ಹೊಗೆ ಎಬ್ಬಿಸುತ್ತಿರುತ್ತಾರೆ, ಮಕ್ಕಳು ಸಾಲಾಗಿ ಕುಳಿತು ಕಣ್ಣುಬಾಯಿ ಬಿಟ್ಟು ನೋಡುತ್ತಿರುತ್ತಾರೆ. ಮಕ್ಕಳಿಗೆ ಇದರಿಂದ ಖುಷಿಯಾಗುವುದು ನಿಜ. ಆದರೆ ವಿಜ್ಞಾನದ ವೃತ್ತಿಗಳನ್ನು ಮಕ್ಕಳಿಗೆ ಪರಿಚಯಿಸುವ ಉದ್ದೇಶಕ್ಕೂ ಈ ಪ್ರದರ್ಶನಕ್ಕೂ ಹೆಚ್ಚಿನ ನಂಟಿಲ್ಲವೆಂಬುದು, ಪ್ರಯೋಗಾಲಯದ ತಂತ್ರಜ್ಞನಾಗಿ ದುಡಿದು ನಿವೃತ್ತನಾಗಿರುವ ನನ್ನ ಅಭಿಪ್ರಾಯ.

ಇಷ್ಟು ಚಿಕ್ಕ ವಯಸ್ಸಿಗೆ ವೃತ್ತಿಯ ಮಾತೇಕೆ, ಪ್ರೌಢಶಾಲೆಗೆ ಬಂದಾಗ ನೋಡಿಕೊಂಡರಾಯಿತು ಎನ್ನುವವರಿದ್ದಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅಮೆರಿಕದ ಸಂಶೋಧಕರು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷದ ಹೆಣ್ಣುಮಕ್ಕಳು 'ತುಂಬಾ ಜಾಣರು' ಎಂದರೆ ತಮ್ಮಂಥವರೇ ಎಂದು ಗಂಡುಮಕ್ಕಳಷ್ಟೇ ನಂಬುತ್ತಾರೆ. ಆರು-ಏಳರ ಹೊತ್ತಿಗೆ ಆ ನಂಬಿಕೆ ಕುಗ್ಗಿ, ಜಾಣರಿಗಾಗಿ ಇರುವ ಆಟವೆಂದು ಹೇಳಿದ ಆಟದಿಂದಲೇ ಅವರು ಹಿಂದೆ ಸರಿಯತೊಡಗುತ್ತಾರೆ. ಇಂಗ್ಲೆಂಡಿನಲ್ಲಿ 10ರಿಂದ 14 ವರ್ಷದ ಮಕ್ಕಳನ್ನು ಹಿಂಬಾಲಿಸಿದ 'ಆಸ್ಪೈರ್ಸ್' ಎಂಬ ದೀರ್ಘ ಅಧ್ಯಯನ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿತು. ವಿಜ್ಞಾನದ ಪಾಠವೆಂದರೆ ಬಹುತೇಕ ಮಕ್ಕಳಿಗೆ ಇಷ್ಟವೇ, ಆದರೆ ವಿಜ್ಞಾನಿಯಾಗಬೇಕೆಂಬ ಆಸೆ ಇರುವವರು ಶೇ 15ರ ಆಸುಪಾಸಿನಲ್ಲಷ್ಟೇ. ವಿಜ್ಞಾನ ಓದಿದರೆ ವೈದ್ಯರೋ ವಿಜ್ಞಾನಿಯೋ ಶಿಕ್ಷಕರೋ ಆಗಬಹುದೆಂಬುದರ ಆಚೆಗೆ ಮಕ್ಕಳಿಗೂ ಅವರ ಮನೆಯವರಿಗೂ ಹೆಚ್ಚೇನೂ ಹೊಳೆಯದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಇಷ್ಟವಿದ್ದೂ ಆಸೆ ಹುಟ್ಟದಿರುವಾಗ, ಹೊಗೆ ಎಬ್ಬಿಸಿ ಇಷ್ಟವನ್ನೇ ಇನ್ನಷ್ಟು ಹೆಚ್ಚಿಸುವುದರಿಂದ ಏನು ಸಾಧಿಸಿದಂತಾಯಿತು?

ಮಕ್ಕಳ ಕೈಗೆ ಕೆಲಸ ಕೊಡುವುದೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕು ಮಕ್ಕಳ ಗುಂಪಿಗೆ ಒಂದು ದಾರ, ಎರಡು ಕಬ್ಬಿಣದ ನಟ್ಟು, ಸೆಕೆಂಡಿನ ಮುಳ್ಳಿರುವ ಗಡಿಯಾರ ಕೊಟ್ಟು, ನಟ್ಟನ್ನು ದಾರದಲ್ಲಿ ತೂಗುಬಿಟ್ಟು ಅದು ಹತ್ತು ಸಲ ಹೋಗಿಬರಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯಲು ಹೇಳಿದರೆ ಸಾಕು. ಮೇಲಿನ ಗಂಟಿನಿಂದ ನಟ್ಟಿನ ನಡುಭಾಗದವರೆಗೆ 25 ಸೆಂ.ಮೀ. ಇದ್ದರೆ ಸುಮಾರು ಹತ್ತು ಸೆಕೆಂಡು ಬರಬೇಕು. ಒಂದಿಲ್ಲೊಂದು ಗುಂಪಿಗೆ ಒಂಬತ್ತು ಬಂದೇ ಬರುತ್ತದೆ. ನಟ್ಟನ್ನು ಕೈಬಿಡುವ ಕ್ಷಣದಲ್ಲೇ ಆ ಗುಂಪಿನ ಮಗು 'ಒಂದು' ಎಂದು ಎಣಿಸಿಬಿಟ್ಟಿರುತ್ತದೆ. ಇಲ್ಲಿ ಕಾರ್ಯಾಗಾರ ನಡೆಸುವವರು 'ಸರಿ ಉತ್ತರ ಹತ್ತು' ಎಂದು ಹೇಳಿಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ಅದರ ಬದಲು ಎರಡೂ ಗುಂಪುಗಳು ಒಂದರ ಮುಂದೊಂದು ಎಣಿಸಲಿ ಎಂದರೆ, ಬಿಡುವಾಗ 'ಸೊನ್ನೆ' ಎನ್ನಬೇಕೆಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಆಮೇಲೆ ಎರಡು ನಟ್ಟು ಕಟ್ಟಿ ನೋಡಿದಾಗ ಸಮಯ ಬದಲಾಗುವುದಿಲ್ಲ. ಭಾರ ಹೆಚ್ಚಿದ ಮೇಲೂ ಅಷ್ಟೇ ಹೇಗೆ ಎಂದು ವಾಗ್ವಾದವಾಗುತ್ತದೆ, ಯಾರೂ ಹೇಳದೆಯೇ ಮತ್ತೊಮ್ಮೆ ಅಳೆಯುತ್ತಾರೆ. ದಾರವನ್ನು ನಾಲ್ಕು ಪಟ್ಟು ಉದ್ದ ಮಾಡಿದರೆ ಸಮಯ ನಾಲ್ಕು ಪಟ್ಟಾಗದೆ ಎರಡೇ ಪಟ್ಟಾಗುವುದನ್ನು ಕಂಡು ಬೆರಗಾಗುವುದು ಬೇರೆ. ಅಳೆಯುವುದು, ಬರೆದಿಡುವುದು, ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಎಡವಿದೆವೆಂದು ಹುಡುಕುವುದು, ಇದೇ ಪ್ರಯೋಗಾಲಯಗಳಲ್ಲಿ ಸಂಬಳಕ್ಕೆ ದುಡಿಯುವವರ ದಿನನಿತ್ಯದ ಕೆಲಸ.

ಕೆಲಸದ ಪರಿಚಯ ಮಾಡಿಸಿದ ಕೂಡಲೇ ಆ ಕೆಲಸದಿಂದ ಹೊಟ್ಟೆ ಹೊರೆಯುವವರ ಪರಿಚಯವೂ ಆಗಬೇಕು. ಕಪ್ಪು ಸ್ಕೆಚ್‌ ಪೆನ್ನಿನ ಚುಕ್ಕೆಯಿಟ್ಟ ಸೋಸುಕಾಗದದ ತುದಿಯನ್ನು ನೀರಿಗೆ ತಾಗಿಸಿದರೆ, ನೀರು ಮೇಲೇರುತ್ತಿದ್ದಂತೆ ಆ ಕಪ್ಪು ಹಲವು ಬಣ್ಣಗಳಾಗಿ ಒಡೆದುಕೊಳ್ಳುತ್ತದೆ. ಎಲೆಯ ಬಣ್ಣಗಳನ್ನು ಹೀಗೆ ಬೇರ್ಪಡಿಸುವ 'ಕ್ರೊಮೆಟೊಗ್ರಫಿ' ಎಂಬ ವಿಧಾನವನ್ನು ರೂಪಿಸಿದವನು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್. 1952ರ ರಸಾಯನವಿಜ್ಞಾನದ ನೊಬೆಲ್ ಸಂದಿದ್ದು ಇದೇ ಕ್ರೊಮೆಟೊಗ್ರಫಿಯ ಒಂದು ಬಗೆಗೆ. ಔಷಧದ ಶುದ್ಧತೆ ನೋಡುವವರು, ನೀರಿನಲ್ಲಿ ಕೀಟನಾಶಕದ ಅಂಶ ಪತ್ತೆಹಚ್ಚುವವರು, ಅಪರಾಧ ಪ್ರಕರಣದಲ್ಲಿ ಶಾಯಿ ಪರೀಕ್ಷಿಸುವವರು ಇಂದಿಗೂ ಬಳಸುವುದು ಇದರ ಮುಂದುವರಿದ ರೂಪಗಳನ್ನೇ. ಅವರಲ್ಲೊಬ್ಬರನ್ನು ಕರೆಸಿ, ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕೂರಿಸಿ, 'ನಾನು ಬೆಳಿಗ್ಗೆ ಹೋಗಿ ಮಾಡುವ ಕೆಲಸವೂ ಇದೇ' ಎಂದು ಹೇಳಿಸಬೇಕು. ದೊಡ್ಡ ಹುದ್ದೆಯವರೇ ಬರಬೇಕೆಂದಿಲ್ಲ. ಮಾದರಿ ಸಂಗ್ರಹಿಸುವವರು, ಉಪಕರಣ ರಿಪೇರಿ ಮಾಡುವವರು, ಮಳೆಯ ಅಳತೆ ದಾಖಲಿಸುವವರು, ರಕ್ತಪರೀಕ್ಷೆ ಮಾಡುವವರು ಬಂದರೆ ಇನ್ನೂ ಒಳ್ಳೆಯದು. ನಮ್ಮ ವೃತ್ತಿಯವರನ್ನು ಯಾರೂ ಎಲ್ಲಿಗೂ ಕರೆಯುವುದಿಲ್ಲ ಎಂಬ ಸಣ್ಣ ಅಸಮಾಧಾನವೂ ಈ ಮಾತಿನಲ್ಲಿದೆ ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯಲಾರೆ.

ಬರುವವರಲ್ಲಿ ಮಹಿಳೆಯರು ಇರಲೇಬೇಕು. ವಿಜ್ಞಾನಿಯ ಚಿತ್ರ ಬರೆಯಿರಿ ಎಂದು 4807 ಮಕ್ಕಳಿಗೆ ಹೇಳಿದಾಗ ಮಹಿಳೆಯ ಚಿತ್ರ ಬಂದದ್ದು 28ರಲ್ಲಿ ಮಾತ್ರ, ಅವಷ್ಟನ್ನೂ ಬರೆದವರು ಹೆಣ್ಣುಮಕ್ಕಳು ಎಂದು ಡೇವಿಡ್ ಚೇಂಬರ್ಸ್ 1983ರಲ್ಲಿ ವರದಿ ಮಾಡಿದ್ದರು. ಅಮೆರಿಕದಲ್ಲಿ ಮುಂದಿನ ದಶಕಗಳ ಇಂಥ ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಮಹಿಳೆಯರ ಚಿತ್ರಗಳ ಪ್ರಮಾಣ ಸರಾಸರಿ ಶೇ 28ಕ್ಕೆ ಏರಿತ್ತು. ಕಣ್ಣಿಗೆ ಬಿದ್ದದ್ದನ್ನೇ ಮಕ್ಕಳು ಬರೆಯುತ್ತಾರೆ.

ಖರ್ಚಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ದಾರಕ್ಕೂ ಕಾಗದಕ್ಕೂ ಯಾವ ಶಾಲೆಯೂ ಬಡವಾಗದು. ಸಮಯದ ವಿಷಯ ಹಾಗಲ್ಲ. ವರ್ಷಕ್ಕೊಂದು ದಿನ ಕಾಟಾಚಾರಕ್ಕೆ ನಡೆದು ಹಾರ-ತುರಾಯಿಯಲ್ಲಿ ಮುಗಿಯುವ ಕಾರ್ಯಕ್ರಮಕ್ಕಿಂತ, ತರಗತಿಯ ಶಿಕ್ಷಕರು ಮೊದಲೇ ತಾವೊಮ್ಮೆ ಮಾಡಿನೋಡಿ, ಕಾರ್ಯಾಗಾರದ ಮುಂದಿನ ವಾರಗಳಲ್ಲೂ ಅದೇ ಅಳತೆಯನ್ನು ಮುಂದುವರಿಸುವಂತಿದ್ದರೆ ಅದು ಮಕ್ಕಳ ಮೈಗೆ ಹತ್ತುತ್ತದೆ.

ಆದ್ದರಿಂದ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೆ. ಕಾರ್ಯಾಗಾರ ನಡೆಸಿಕೊಡಲು ಯಾರೇ ಮುಂದೆ ಬರಲಿ, ನಾಲ್ಕು ಮಕ್ಕಳಿಗೆ ಒಂದರಂತೆ ಸಲಕರಣೆ ತರುತ್ತೀರಾ ಎಂದು ಮೊದಲು ಕೇಳಿ. ಅಷ್ಟು ತರಲಾಗದೆಂದರೆ ಇಡೀ ಶಾಲೆಯನ್ನು ಸಭಾಂಗಣದಲ್ಲಿ ಕೂರಿಸುವ ಬದಲು ಒಂದೊಂದೇ ತರಗತಿಗೆ, ಬೇರೆ ಬೇರೆ ದಿನ, ಇರುವ ಸಲಕರಣೆಯಲ್ಲೇ ನಡೆಸಿಕೊಡಲು ಹೇಳಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ